ಸೈಟ್ ತೆರೆಯಲಿಲ್ಲ ಅಂದರೆ ಹ್ಯಾಕ್ ಆಗಿದೆ ಅಂತಲೇ? ಜಾವಾ ಸರ್ವರ್‌ಗಳ ಬೀಗದ ಗೊಂದಲ

ಫಲಿತಾಂಶ ಬರುವ ದಿನವೋ, ತೆರಿಗೆ ಕಟ್ಟುವ ಕೊನೆಯ ದಿನವೋ ಸೈಟ್ ತೆರೆಯುವುದಿಲ್ಲ. ಬಿಳಿ ಪರದೆಯ ಮೇಲೆ ‘500’ ಎಂಬ ಅಂಕಿ, ಕೆಳಗೆ ಉದ್ದಕ್ಕೆ ಇಂಗ್ಲಿಷ್ ಸಾಲುಗಳು. ಆ ಸಾಲುಗಳ ನಡುವೆ ಎಲ್ಲೋ ‘ಸೆಕ್ಯುರಿಟಿ ಎಕ್ಸೆಪ್ಶನ್’ ಎಂಬ ಪದ ಕಂಡರೆ ಮುಗಿಯಿತು. ಯಾರೋ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ, ಇನ್ಯಾರೋ ಅದಕ್ಕೆ ಒಂದು ಸಾಲು ಸೇರಿಸುತ್ತಾರೆ: “ಸರ್ವರ್ ಹ್ಯಾಕ್ ಆಗಿದೆ, ನಮ್ಮೆಲ್ಲರ ಮಾಹಿತಿ ಸೋರಿದೆ, ಕೂಡಲೇ ಎಲ್ಲರಿಗೂ ತಿಳಿಸಿ.” ಸಂಜೆಯ ಹೊತ್ತಿಗೆ ಅದು ನಿಮ್ಮ ಮನೆಯ ಗ್ರೂಪಿಗೂ ಬಂದಿರುತ್ತದೆ.

ಇಂಥ ಪರದೆಯ ಹಿಂದೆ ನಿಜವಾಗಿ ಏನು ನಡೆದಿರಬಹುದು? ಕಾರಣಗಳು ಹಲವು. ಅವುಗಳಲ್ಲಿ ಜಾವಾ ಸರ್ವರ್ ನಡೆಸುವವರಿಗೆ ಚೆನ್ನಾಗಿ ಪರಿಚಯವಿರುವ, ಹೊರಗಿನವರು ಅಷ್ಟಾಗಿ ಕೇಳಿರದ ಒಂದನ್ನು ಇಲ್ಲಿ ಬಿಡಿಸಿ ನೋಡೋಣ. ಆಪ್‌ನ ಜೊತೆ ಕಟ್ಟಿಕೊಟ್ಟ ಭದ್ರತಾ ಲೈಬ್ರರಿಯನ್ನು ಸರ್ವರ್ ಲೋಡ್ ಮಾಡಿಕೊಳ್ಳಲು ಒಪ್ಪದಿರುವುದೇ ಆ ಕಾರಣ. ಸುಲಭವಾಗಿ ಹೇಳುವುದಾದರೆ ಬೀಗ ಇದೆ, ಬಾಗಿಲೂ ಇದೆ, ಆದರೆ ಬೀಗ ಬಾಗಿಲಿಗೆ ಕೂರುತ್ತಿಲ್ಲ. ಇದನ್ನು ಅರ್ಥ ಮಾಡಿಕೊಂಡರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದೂ ತಿಳಿಯುತ್ತದೆ.

ಜಾವಾ ಸರ್ವರ್ ಅಂದರೆ ಏನು?

ಜಾವಾ ಒಂದು ಪ್ರೋಗ್ರಾಮಿಂಗ್ ಭಾಷೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಇದನ್ನು 1995ರಲ್ಲಿ ಹೊರತಂದಿತು. 2010ರಲ್ಲಿ ಆ ಕಂಪನಿಯನ್ನು ಒರೇಕಲ್ ಕೊಂಡಿತು. ಬ್ಯಾಂಕು, ವಿಮೆ, ಟಿಕೆಟ್ ಬುಕಿಂಗ್, ಸರ್ಕಾರಿ ಸೇವೆಗಳಂಥ ದೊಡ್ಡ ವ್ಯವಸ್ಥೆಗಳಲ್ಲಿ ಜಾವಾದ ಬಳಕೆ ಇವತ್ತಿಗೂ ಹೆಚ್ಚು.

ಇಂಥ ಆಪ್‌ಗಳು ತಾವೇ ಒಂಟಿಯಾಗಿ ಓಡುವುದು ಕಡಿಮೆ. ಅವುಗಳಿಗೆ ಜಾಗ ಕೊಟ್ಟು ಸಾಕುವ ಇನ್ನೊಂದು ತಂತ್ರಾಂಶ ಇರುತ್ತದೆ. ಅದೇ ಅಪ್ಲಿಕೇಶನ್ ಸರ್ವರ್. ಟಾಮ್‌ಕ್ಯಾಟ್, ವೈಲ್ಡ್‌ಫ್ಲೈ, ವೆಬ್‌ಲಾಜಿಕ್, ವೆಬ್‌ಸ್ಫಿಯರ್ ಇವೆಲ್ಲ ಅಂಥವೇ. ಇದನ್ನು ಒಂದು ವಠಾರ ಎಂದುಕೊಳ್ಳಿ. ನೀರು, ಕರೆಂಟು, ಗೇಟು ಎಲ್ಲರಿಗೂ ಒಂದೇ. ಒಳಗೆ ನಾಲ್ಕಾರು ಸಂಸಾರ. ಪ್ರತಿ ಸಂಸಾರವೂ ತನ್ನ ಪಾತ್ರೆ ಪಡಗವನ್ನು ತಾನೇ ತಂದುಕೊಂಡಿರುತ್ತದೆ. ಒಂದೇ ಸರ್ವರಿನಲ್ಲಿ ನಾಲ್ಕಾರು ಆಪ್‌ಗಳು ಹೀಗೆ ಒಟ್ಟಿಗೆ ಬದುಕುತ್ತವೆ.

ಆಪ್ ಬರೆಯುವವರು ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಬೇರೆಯವರು ಬರೆದು, ಪರೀಕ್ಷಿಸಿ ಇಟ್ಟ ಸಿದ್ಧ ಕೋಡ್ ಬಳಸುತ್ತಾರೆ. ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಜಾವಾದಲ್ಲಿ ಲೈಬ್ರರಿಗಳು ‘ಜಾರ್’ ಎಂಬ ಫೈಲ್‌ಗಳಲ್ಲಿ ಬರುತ್ತವೆ. ಜಾರ್ ಅಂದರೆ ಜಿಪ್ ಫೈಲ್ ಥರದ ಒಂದು ಗಂಟು, ಅಷ್ಟೇ. ಪಾಸ್‌ವರ್ಡ್ ಪರೀಕ್ಷಿಸುವುದು, ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡುವುದು, ಡಿಜಿಟಲ್ ಸಹಿ ನೋಡುವುದು ಇಂಥ ಕೆಲಸಗಳಿಗೆ ಸಿದ್ಧ ಲೈಬ್ರರಿಯನ್ನೇ ಬಳಸುವುದು ಜಾಣತನ. ಸ್ವಂತವಾಗಿ ಬರೆಯಲು ಹೋದರೆ ತಪ್ಪಾಗುವ ಸಾಧ್ಯತೆ ಹೆಚ್ಚು.

ಇಂಥ ಭದ್ರತಾ ಲೈಬ್ರರಿಗಳಲ್ಲಿ ಹೆಸರುವಾಸಿಯಾದದ್ದು ಬೌನ್ಸಿ ಕ್ಯಾಸಲ್. ಮಕ್ಕಳು ಜಾತ್ರೆಯಲ್ಲಿ ಕುಣಿಯುವ ಗಾಳಿ ತುಂಬಿದ ಕೋಟೆಗೆ ಇಂಗ್ಲಿಷಿನಲ್ಲಿ ಹೇಳುವ ಹೆಸರು ಅದು. ಆಸ್ಟ್ರೇಲಿಯಾದಲ್ಲಿ ಬೇರೂರಿರುವ ಈ ಯೋಜನೆ 2000ದಿಂದ ನಡೆಯುತ್ತಿದೆ, ಇದರ ಕೋಡ್ ಎಲ್ಲರಿಗೂ ಮುಕ್ತ. ಆಧಾರ್ ದೃಢೀಕರಣಕ್ಕಾಗಿ ಯುಐಡಿಎಐ ಕೊಟ್ಟಿದ್ದ ಜಾವಾ ಮಾದರಿ ಕೋಡ್‌ನಲ್ಲೂ ಇದನ್ನು ಬಳಸಲಾಗಿತ್ತು. ಅಂದರೆ ನೀವು ಹೆಸರೇ ಕೇಳಿರದ ಈ ಲೈಬ್ರರಿ ನಿಮಗೆ ಅಷ್ಟೇನೂ ದೂರದ್ದಲ್ಲ.

ಹಾಗಾದರೆ ತೊಡಕು ಎಲ್ಲಿ? ಒಂದೊಂದಾಗಿ ನೋಡೋಣ.

ತೊಡಕು 1: ಸೀಲ್ ಒಡೆದ ಸಿಲಿಂಡರ್

ಮನೆಗೆ ಗ್ಯಾಸ್ ಸಿಲಿಂಡರ್ ಬಂದಾಗ ನಾವು ಮೊದಲು ನೋಡುವುದು ಸೀಲ್. ಸೀಲ್ ಕಿತ್ತಿದ್ದರೆ ಒಳಗೆ ಗ್ಯಾಸ್ ಪೂರ್ತಿ ಇದ್ದರೂ ಬೇಡ ಎನ್ನುತ್ತೇವೆ. ಒರೇಕಲ್ ಕೊಡುವ ಜಾವಾ ಕೂಡ ಭದ್ರತಾ ಲೈಬ್ರರಿಗಳ ವಿಷಯದಲ್ಲಿ ಹೀಗೇ ನಡೆದುಕೊಳ್ಳುತ್ತದೆ.

ಇದಕ್ಕೊಂದು ಹಿನ್ನೆಲೆ ಇದೆ. 1990ರ ದಶಕದಲ್ಲಿ ಎನ್‌ಕ್ರಿಪ್ಶನ್ ತಂತ್ರಾಂಶವನ್ನು ಅಮೆರಿಕದಿಂದ ಹೊರಗೆ ಕಳಿಸಲು ಅಲ್ಲಿನ ಕಾನೂನು ಕಟ್ಟುನಿಟ್ಟಾಗಿತ್ತು. ಹಾಗಾಗಿ ಜಾವಾದ ಎನ್‌ಕ್ರಿಪ್ಶನ್ ಭಾಗ ಮೊದಲಿಗೆ ಬೇರೆಯೇ ಇತ್ತು. ಜೆಸಿಇ ಎಂದು ಅದರ ಹೆಸರು. 2002ರಲ್ಲಿ ಬಂದ ಜಾವಾ 1.4ರಿಂದ ಅದು ಜಾವಾದ ಒಳಗೇ ಸೇರಿತು. ಹೊರಗಿನವರು ಬರೆದ ಎನ್‌ಕ್ರಿಪ್ಶನ್ ಲೈಬ್ರರಿಯನ್ನು ಅದಕ್ಕೆ ಜೋಡಿಸಬೇಕೆಂದರೆ ಮಾನ್ಯತೆ ಪಡೆದ ಡಿಜಿಟಲ್ ಸಹಿ ಇರಬೇಕು. ಸಹಿ ಇಲ್ಲದಿದ್ದರೆ, ಅಥವಾ ಸಹಿ ಹಾಕಿದ ಮೇಲೆ ಜಾರ್‌ನ ಒಳಗೆ ಒಂದು ಅಕ್ಷರ ಬದಲಾಗಿದ್ದರೂ, ಜಾವಾ ಒಪ್ಪುವುದಿಲ್ಲ. ‘ಈ ಪ್ರೊವೈಡರ್ ಅಸಲಿಯೇ ಎಂದು ದೃಢಪಡಿಸಲು ಆಗುತ್ತಿಲ್ಲ’ ಎಂಬ ಅರ್ಥದ ಸಂದೇಶ ಕೊಟ್ಟು ಅಲ್ಲೇ ನಿಲ್ಲುತ್ತದೆ. ಆ ಸಂದೇಶ ಶುರುವಾಗುವುದೇ ‘ಸೆಕ್ಯುರಿಟಿ ಎಕ್ಸೆಪ್ಶನ್’ ಎಂಬ ಪದಗಳಿಂದ.

ಸಹಿ ಕೆಡುವುದು ಹೇಗೆ? ಬಹಳ ಸಲ ಇದರಲ್ಲಿ ಕಳ್ಳರ ಕೈವಾಡ ಇರುವುದಿಲ್ಲ. ಆಪ್ ಕಟ್ಟುವವರು ಹತ್ತಾರು ಜಾರ್‌ಗಳನ್ನು ಬಿಚ್ಚಿ ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಜಾರ್ ಮಾಡುವುದುಂಟು. ಸಾಗಿಸಲು ಸುಲಭ ಎಂಬುದು ಅವರ ಲೆಕ್ಕ. ಗಂಟು ಬಿಚ್ಚಿದಾಗ ಸೀಲ್ ಒಡೆಯುತ್ತದೆ. ಹಳೆಯ ಸಹಿಯ ಫೈಲ್‌ಗಳು ಹೊಸ ಗಂಟಿನಲ್ಲೂ ಉಳಿದರೆ ‘ಸಹಿ ತಾಳೆಯಾಗುತ್ತಿಲ್ಲ’ ಎಂಬ ದೂರು ಬರುತ್ತದೆ. ಆ ಫೈಲ್‌ಗಳನ್ನು ತೆಗೆದುಹಾಕಿದರೆ ‘ಸಹಿಯೇ ಇಲ್ಲ’ ಎಂಬ ದೂರು.

ಇನ್ನೊಂದು ತಮಾಷೆಯೂ ಇದೆ. ಓಪನ್‌ಜೆಡಿಕೆ ಎಂಬ ಮುಕ್ತ ಆವೃತ್ತಿಯ ಜಾವಾ ಈ ಸಹಿಯನ್ನು ಕೇಳುವುದಿಲ್ಲ. ಎಂಜಿನಿಯರಿನ ಲ್ಯಾಪ್‌ಟಾಪಿನಲ್ಲಿ ಓಪನ್‌ಜೆಡಿಕೆ, ಕಚೇರಿಯ ಸರ್ವರಿನಲ್ಲಿ ಒರೇಕಲ್ ಜಾವಾ ಇದ್ದರೆ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ ಆಪ್ ಸರ್ವರಿಗೆ ಹೋದ ಕೂಡಲೇ ಮುಗ್ಗರಿಸುತ್ತದೆ. “ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಇತ್ತಲ್ಲ!” ಎಂಬ ಎಂಜಿನಿಯರುಗಳ ಹಳೆಯ ಗೋಳಿಗೆ ಹೀಗೂ ಒಂದು ಕಾರಣ ಇರಬಹುದು.

ಈ ತೊಡಕಿನಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಸೀಲ್ ಸರಿಯಿಲ್ಲವೆಂದು ಜಾವಾ ಕೈಯೆತ್ತಿತು, ಆಪ್ ನಿಂತಿತು, ಜನರಿಗೆ ತೊಂದರೆಯಾಯಿತು. ಆದರೆ ಈ ತೊಡಕಿನಿಂದ ಯಾರ ಮಾಹಿತಿಯೂ ಸೋರಲಿಲ್ಲ. ಕಾವಲುಗಾರ ತನ್ನ ಕೆಲಸ ಮಾಡಿದ.

ತೊಡಕು 2: ಒಂದೇ ಹೆಸರು, ಬೇರೆ ಊರು

ಜಾವಾದಲ್ಲಿ ಕೋಡ್‌ನ ಒಂದೊಂದು ತುಂಡಿಗೂ ‘ಕ್ಲಾಸ್’ ಎನ್ನುತ್ತಾರೆ. ಬೇಕಾದ ಕ್ಲಾಸನ್ನು ಹುಡುಕಿ ತರುವ ಆಳು ‘ಕ್ಲಾಸ್ ಲೋಡರ್’. ಈ ಆಳುಗಳಲ್ಲಿ ಅಪ್ಪ-ಮಗ ಸಂಬಂಧ ಇರುತ್ತದೆ. ಜಾವಾದ ಮೂಲ ಪದ್ಧತಿ ಏನೆಂದರೆ, ಯಾವುದೇ ವಸ್ತು ಬೇಕಾದರೂ ಮಗ ಮೊದಲು ಅಪ್ಪನನ್ನು ಕೇಳಬೇಕು. ಅಪ್ಪನ ಹತ್ತಿರ ಇಲ್ಲದಿದ್ದರೆ ಮಾತ್ರ ತನ್ನ ಪೆಟ್ಟಿಗೆ ತೆರೆಯಬೇಕು. ಕೂಡುಕುಟುಂಬದ ರೀತಿ.

ಎಲ್ಲ ಸರ್ವರ್‌ಗಳೂ ಈ ಪದ್ಧತಿಗೆ ಅಂಟಿಕೊಂಡಿಲ್ಲ. ಟಾಮ್‌ಕ್ಯಾಟ್‌ನಲ್ಲಿ ಆಪ್ ತಾನು ತಂದ ಲೈಬ್ರರಿಯನ್ನು ಮೊದಲು ನೋಡುತ್ತದೆ, ಜಾವಾದ ಮೂಲ ಕ್ಲಾಸ್‌ಗಳಂಥ ಕೆಲವನ್ನು ಬಿಟ್ಟು. ವೆಬ್‌ಲಾಜಿಕ್ ಮತ್ತು ವೆಬ್‌ಸ್ಫಿಯರ್ ಏನೂ ಬದಲಿಸದಿದ್ದರೆ ಅಪ್ಪನನ್ನೇ ಮೊದಲು ಕೇಳುತ್ತವೆ. ಬೇಕೆಂದರೆ ಇದನ್ನು ತಿರುಗಿಸುವ ಸೆಟ್ಟಿಂಗ್ ಅವುಗಳಲ್ಲಿದೆ. ವೈಲ್ಡ್‌ಫ್ಲೈ ಪ್ರತಿಯೊಂದನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು, ಯಾರು ಯಾರ ಕೋಣೆಗೆ ಹೋಗಬಹುದೆಂದು ಪಟ್ಟಿ ಮಾಡಿಸುತ್ತದೆ.

ಈಗ ಒಂದು ಆಪ್ ಬೌನ್ಸಿ ಕ್ಯಾಸಲ್‌ನ ಹೊಸ ಆವೃತ್ತಿ ಹಿಡಿದುಕೊಂಡು ಬಂದಿದೆ ಎನ್ನೋಣ. ಸರ್ವರಿನಲ್ಲಿ ಆಗಲೇ ಅದರ ಹಳೆಯ ಆವೃತ್ತಿ ಇದೆ. ಅರ್ಧ ಕ್ಲಾಸ್‌ಗಳು ಹಳೆಯದರಿಂದ, ಅರ್ಧ ಹೊಸದರಿಂದ ಬಂದರೆ? ಹೊಸದರಲ್ಲಿ ಇರುವ ಸೌಲಭ್ಯವನ್ನು ಹಳೆಯದರಲ್ಲಿ ಹುಡುಕಿ ‘ಅಂಥದ್ದು ಯಾವುದೂ ಇಲ್ಲ’ ಎಂಬ ದೂರು ಬರುತ್ತದೆ.

ಇದಕ್ಕಿಂತ ತಲೆ ಕೆಡಿಸುವ ದೂರು ಇನ್ನೊಂದಿದೆ. ‘ಇಂಥ ಕ್ಲಾಸನ್ನು ಇಂಥ ಕ್ಲಾಸ್ ಎಂದು ಒಪ್ಪಲಾಗದು’ ಎಂದು ಜಾವಾ ಹೇಳುತ್ತದೆ. ಎರಡೂ ಕಡೆ ಅದೇ ಹೆಸರು! ನೋಡಿದವರಿಗೆ ಜಾವಾಕ್ಕೆ ಹುಚ್ಚು ಹಿಡಿದಿದೆ ಅನ್ನಿಸಬೇಕು. ಆದರೆ ಅದರ ಲೆಕ್ಕದಲ್ಲಿ ಒಂದು ಕ್ಲಾಸಿನ ಗುರುತು ಹೆಸರಿನಿಂದ ಮಾತ್ರ ಆಗುವುದಿಲ್ಲ, ಅದನ್ನು ತಂದ ಲೋಡರ್ ಯಾರು ಎಂಬುದೂ ಸೇರಬೇಕು. ನಮ್ಮಲ್ಲಿ ಮಂಜುನಾಥ ಎಂದರೆ ಯಾವ ಊರಿನ ಮಂಜುನಾಥ ಎಂದು ಕೇಳುವುದಿಲ್ಲವೇ, ಹಾಗೆ. ಒಂದು ಊರಿನ ಮಂಜುನಾಥನ ಪಡಿತರ ಚೀಟಿ ತೋರಿಸಿ ಇನ್ನೊಂದು ಊರಿನ ಮಂಜುನಾಥ ಅಕ್ಕಿ ಒಯ್ಯುವಂತಿಲ್ಲ.

ಈ ಕಟ್ಟುನಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಹೆಸರೊಂದನ್ನೇ ನಂಬುವಂತಿದ್ದರೆ ಯಾರಾದರೂ ಅಸಲಿ ಕ್ಲಾಸಿನ ಹೆಸರಿನಲ್ಲಿ ನಕಲಿಯನ್ನು ತಂದಿಟ್ಟು ನುಸುಳಬಹುದಿತ್ತು.

ತೊಡಕು 3: ವಠಾರಕ್ಕೆಲ್ಲ ಒಂದೇ ಪಟ್ಟಿ

ಪಾತ್ರೆ ಪಡಗ ಸಂಸಾರಕ್ಕೊಂದಾದರೂ ಗೇಟಿನ ಕಾವಲಿನವರ ಪಟ್ಟಿ ವಠಾರಕ್ಕೆಲ್ಲ ಒಂದೇ ಇರುತ್ತದೆ. ಜಾವಾದಲ್ಲಿ ‘ಭದ್ರತೆಯ ಕೆಲಸ ಯಾರು ಯಾರು ಮಾಡಬಲ್ಲರು’ ಎಂಬ ಪಟ್ಟಿಯೂ ಹೀಗೇ. ಒಂದೇ ಜಾವಾದ ಮೇಲೆ ಓಡುವ ಎಲ್ಲ ಆಪ್‌ಗಳಿಗೂ ಒಂದೇ ಪಟ್ಟಿ, ಅದರಲ್ಲಿ ಒಂದು ಹೆಸರಿಗೆ ಒಂದೇ ಜಾಗ.

ಮೊದಲ ಆಪ್ ತನ್ನ ಬೌನ್ಸಿ ಕ್ಯಾಸಲ್ ಅನ್ನು ಪಟ್ಟಿಗೆ ಸೇರಿಸಿದೆ ಎನ್ನಿ. ಎರಡನೆಯ ಆಪ್ ಅದೇ ಹೆಸರಿನ ತನ್ನದನ್ನು ಸೇರಿಸಲು ಹೋದರೆ ಜಾವಾ ಗದ್ದಲ ಮಾಡುವುದಿಲ್ಲ. ‘ಈ ಹೆಸರು ಆಗಲೇ ಇದೆ’ ಎಂಬುದಕ್ಕೆ ‘-1’ ಎಂಬ ಅಂಕಿಯನ್ನು ಮರಳಿಸಿ ಸುಮ್ಮನಾಗುತ್ತದೆ. ಆ ಅಂಕಿಯನ್ನು ನೋಡುವ ಗೋಜಿಗೆ ಹೋಗದ ಪ್ರೋಗ್ರಾಮರುಗಳೇ ಹೆಚ್ಚು. ಎರಡನೆಯ ಆಪ್ ತನ್ನ ಲೈಬ್ರರಿಯನ್ನೇ ಬಳಸುತ್ತಿದ್ದೇನೆ ಎಂದುಕೊಂಡು ಪಕ್ಕದ ಮನೆಯದ್ದನ್ನು ಬಳಸುತ್ತಿರುತ್ತದೆ.

ಮೊದಲ ಆಪನ್ನು ತೆಗೆದು ಹೊಸ ಆವೃತ್ತಿ ಹಾಕಿದಾಗ ಇನ್ನೊಂದು ಫಜೀತಿ. ಸಂಸಾರ ಮನೆ ಖಾಲಿ ಮಾಡಿದರೂ ಪಟ್ಟಿಯಲ್ಲಿ ಹೆಸರು ಉಳಿದಿರುತ್ತದೆ. ಹೆಸರು ಉಳಿದಿರುವುದರಿಂದ ಹಳೆಯ ಸಾಮಾನನ್ನೆಲ್ಲ ಜಾವಾ ಎಸೆಯದೆ ಇಟ್ಟುಕೊಂಡಿರುತ್ತದೆ. ಇದು ಹಲವು ಸಲ ಆದರೆ ಮೆಮೊರಿ ತುಂಬಿ ಸರ್ವರ್ ಕುಸಿಯುತ್ತದೆ. ಸೋಮವಾರ ಹೊಸ ಆವೃತ್ತಿ ಹಾಕಿ, ಗುರುವಾರ ಸೈಟ್ ಮಲಗಿದರೆ ಕಾರಣ ಹೀಗೂ ಇರಬಹುದು. ಸರ್ವರನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸರಿಹೋಗುವುದೂ ಇದಕ್ಕೇ.

ಇದಕ್ಕೆ ಬಲ್ಲವರು ಅನುಸರಿಸುವ ದಾರಿ ಸರಳ. ಭದ್ರತಾ ಲೈಬ್ರರಿಯನ್ನು ಪ್ರತಿ ಆಪ್‌ನ ಗಂಟಿನಲ್ಲಿ ಕಟ್ಟುವ ಬದಲು ಸರ್ವರಿನ ಮಟ್ಟದಲ್ಲಿ ಒಂದೇ ಕಡೆ, ಸೀಲ್ ಒಡೆಯದಂತೆ ಇಡುತ್ತಾರೆ. ಇಲ್ಲವೇ ಪಟ್ಟಿಯ ಗೊಡವೆಯೇ ಬೇಡವೆಂದು ತನ್ನ ಲೈಬ್ರರಿಯನ್ನೇ ನೇರವಾಗಿ ಬಳಸುವಂತೆ ಕೋಡ್ ಬರೆಯುತ್ತಾರೆ.

ತೊಡಕು 4: ‘ಇಲ್ಲೀಗಲ್’ ಎಂದರೆ ಅಪರಾಧವಲ್ಲ

ಸ್ಕ್ರೀನ್‌ಶಾಟ್‌ಗಳಲ್ಲಿ ಜನರನ್ನು ಹೆದರಿಸಬಲ್ಲ ಇನ್ನೊಂದು ಸಾಲು ‘ಇಲ್ಲೀಗಲ್ ಕೀ ಸೈಜ್’. ಯಾರೋ ಕಾನೂನುಬಾಹಿರ ಕೀಲಿ ಹಾಕಿ ಬಾಗಿಲು ತೆರೆದಿದ್ದಾರೆ ಎಂದು ಓದಿಕೊಂಡರೆ ಆಶ್ಚರ್ಯವಿಲ್ಲ. ನಿಜವಾದ ಅರ್ಥ ಬೇರೆ. ‘ಇಷ್ಟು ಉದ್ದದ ಕೀಲಿ ಬಳಸಲು ನನಗೆ ಅನುಮತಿ ಇಲ್ಲ’ ಎಂದು ಜಾವಾ ಹೇಳುತ್ತಿದೆ.

ಅಮೆರಿಕದ ರಫ್ತು ಕಾನೂನಿನ ನೆರಳು ಇಲ್ಲಿಯೂ ಇದೆ. ಹಲವು ವರ್ಷ ಜಾವಾ ಮಾಮೂಲಿಯಾಗಿ ಎಇಎಸ್ ಎಂಬ ಎನ್‌ಕ್ರಿಪ್ಶನ್ ವಿಧಾನಕ್ಕೆ 128 ಬಿಟ್ ಉದ್ದದ ಕೀಲಿಯನ್ನಷ್ಟೇ ಬಿಡುತ್ತಿತ್ತು. 256 ಬಿಟ್ ಬೇಕೆಂದರೆ ಬೇರೆಯಾಗಿ ಎರಡು ಪುಟ್ಟ ಫೈಲ್ ಇಳಿಸಿಕೊಂಡು ಜಾವಾದ ಒಳಗೆ ಇಡಬೇಕಿತ್ತು. ಹೊಸ ಸರ್ವರ್ ಹಾಕುವಾಗ ಆ ಫೈಲ್‌ಗಳನ್ನು ಇಡಲು ಮರೆತರೆ ಎಲ್ಲ ನಿಂತಿತು ಎಂದೇ ಅರ್ಥ. ಇಲ್ಲಿ 128 ಬಿಟ್ ದುರ್ಬಲ ಎಂದೇನಿಲ್ಲ, ಅದು ಇವತ್ತಿಗೂ ಗಟ್ಟಿಯೇ. ಒಂದು ಕಡೆ ದೊಡ್ಡ ಕೀಲಿಯಿಂದ ಬೀಗ ಹಾಕಿ, ಇನ್ನೊಂದು ಕಡೆ ಆ ಕೀಲಿಗೆ ಅನುಮತಿ ಇಲ್ಲದಿದ್ದರೆ ತೆರೆಯುವುದು ಹೇಗೆ ಎಂಬುದೇ ತೊಂದರೆ. 2017ರ ಜಾವಾ 9 ಮತ್ತು 2018ರ ಜನವರಿಯಲ್ಲಿ ಬಂದ ಜಾವಾ 8ರ ಅಪ್‌ಡೇಟ್ 161ರಿಂದ ಈ ಮಿತಿಯನ್ನು ತೆಗೆದುಹಾಕಲಾಗಿದೆ. ಅದಕ್ಕಿಂತ ಹಳೆಯ ಜಾವಾ ಇನ್ನೂ ಓಡುತ್ತಿರುವ ಕಡೆ ಈ ಸಾಲು ಈಗಲೂ ಕಾಣಬಹುದು.

ನಿಮ್ಮ ಕೈಯಲ್ಲಿರುವ ಫೋನಿನಲ್ಲೂ ಇದೇ ಕಥೆ

ಇದೆಲ್ಲ ದೊಡ್ಡ ಸರ್ವರ್‌ಗಳ ಗೋಳು, ನಮಗೇನು ಎನ್ನಬೇಡಿ. ಆಂಡ್ರಾಯ್ಡ್ ಫೋನುಗಳಲ್ಲೂ ಇದು ನಡೆದಿದೆ. ಆಂಡ್ರಾಯ್ಡ್ ತನ್ನ ಒಳಗೆ ಬೌನ್ಸಿ ಕ್ಯಾಸಲ್‌ನ ಕತ್ತರಿಸಿ ಚಿಕ್ಕದಾಗಿಸಿದ ರೂಪವನ್ನು ಇಟ್ಟುಕೊಂಡಿತ್ತು. ಆಪ್ ಬರೆಯುವವರು ಪೂರ್ತಿ ರೂಪವನ್ನು ತಮ್ಮ ಆಪ್‌ನ ಜೊತೆ ಕಟ್ಟಿಕೊಟ್ಟರೂ ಹೆಸರು ಒಂದೇ ಆದ್ದರಿಂದ ಫೋನಿನೊಳಗಿನ ಹಳೆಯದೇ ಗೆಲ್ಲುತ್ತಿತ್ತು. ಅಪ್ಪನನ್ನು ಮೊದಲು ಕೇಳುವ ಪದ್ಧತಿಯ ಫಲ.

ಇದಕ್ಕೆ ಪ್ರೋಗ್ರಾಮರುಗಳು ಕಂಡುಕೊಂಡ ಉಪಾಯ ಸೊಗಸಾಗಿತ್ತು. ಲೈಬ್ರರಿಯ ಒಳಗಿನ ಹೆಸರುಗಳನ್ನೆಲ್ಲ ಬದಲಿಸಿ ಅದಕ್ಕೆ ‘ಸ್ಪಾಂಜಿ ಕ್ಯಾಸಲ್’ ಎಂದು ಹೆಸರಿಟ್ಟರು. ಒಳಗಿನ ಕೆಲಸ ಅದೇ, ಹೆಸರು ಬೇರೆಯಾದ್ದರಿಂದ ಜಗಳವಿಲ್ಲ. ಮುಂದೆ ಗೂಗಲ್ ಕೂಡ ಆಂಡ್ರಾಯ್ಡ್ 3.0ರಿಂದ ತನ್ನ ಪ್ರತಿಯ ಹೆಸರನ್ನು ಬದಲಿಸಿತು. 2021ರ ಆಂಡ್ರಾಯ್ಡ್ 12ರಲ್ಲಿ ಬೌನ್ಸಿ ಕ್ಯಾಸಲ್ ಕಡೆಯಿಂದ ಬರುತ್ತಿದ್ದ ಹಲವು ಸೌಲಭ್ಯಗಳನ್ನು ತೆಗೆದೇಹಾಕಿತು. ಆ ಸೌಲಭ್ಯಗಳನ್ನು ಅದೇ ಹೆಸರು ಹಿಡಿದು ಕೇಳುವ ಹಳೆಯ ಆಪ್ ಆಂಡ್ರಾಯ್ಡ್ 12ರಲ್ಲಿ ಮುಗ್ಗರಿಸುತ್ತದೆ. ಫೋನ್ ಅಪ್‌ಡೇಟ್ ಆದ ಮೇಲೆ ಹಳೆಯ ಆಪ್ ಒಂದು ತೆರೆಯದಿದ್ದರೆ ಹ್ಯಾಕ್ ಎಂದುಕೊಳ್ಳುವ ಮೊದಲು ಆಪ್‌ನ ಹೊಸ ಆವೃತ್ತಿ ಬಂದಿದೆಯೇ ನೋಡಿ.

ನಿಜವಾಗಿ ಹೆದರಬೇಕಾದದ್ದು: ಸದ್ದಿಲ್ಲದ ತಪ್ಪು

ಇಲ್ಲಿಯವರೆಗೆ ನೋಡಿದ ತೊಡಕುಗಳಲ್ಲಿ ಹೆಚ್ಚಿನವು ಗದ್ದಲ ಮಾಡುತ್ತವೆ. ಸೈಟ್ ನಿಲ್ಲುತ್ತದೆ, ಜನ ಬೈಯುತ್ತಾರೆ, ಎಂಜಿನಿಯರುಗಳು ರಾತ್ರಿಯೆಲ್ಲ ಕೂತು ಸರಿ ಮಾಡುತ್ತಾರೆ. ಗದ್ದಲವೇ ಇಲ್ಲದಿದ್ದರೆ?

ಒಂದು ನಿಜವಾದ ಉದಾಹರಣೆ ನೋಡಿ. ಬೌನ್ಸಿ ಕ್ಯಾಸಲ್‌ನ 1.65 ಮತ್ತು 1.66 ಆವೃತ್ತಿಗಳಲ್ಲಿ ಪಾಸ್‌ವರ್ಡ್ ಪರೀಕ್ಷಿಸುವ ಒಂದು ಭಾಗದಲ್ಲಿ ದೋಷವಿತ್ತು. ಬಿಕ್ರಿಪ್ಟ್ ಎಂಬ ವಿಧಾನದಲ್ಲಿ ಪಾಸ್‌ವರ್ಡಿನಿಂದ 60 ಅಕ್ಷರಗಳ ಒಂದು ಸಾಲು ತಯಾರಾಗುತ್ತದೆ. ಇಟ್ಟಿರುವ ಸಾಲನ್ನೂ ಹೊಸದಾಗಿ ತಯಾರಾದ ಸಾಲನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಬೇಕಿತ್ತು. ದೋಷದಿಂದಾಗಿ ಅದು ಅಂಕಿಗಳು ಮತ್ತು ಕೆಲವು ಚಿಹ್ನೆಗಳು ಎರಡೂ ಸಾಲಿನಲ್ಲಿ ಮೊದಲು ಎಲ್ಲಿ ಬರುತ್ತವೆ ಎಂಬುದನ್ನಷ್ಟೇ ನೋಡುತ್ತಿತ್ತು. ಹಾಗಾಗಿ ತಪ್ಪು ಪಾಸ್‌ವರ್ಡ್ ಕೊಟ್ಟರೂ ‘ಸರಿ’ ಎನ್ನುವ ಸಾಧ್ಯತೆ ಇತ್ತು. 2020ರ ಕೊನೆಯಲ್ಲಿ ಇದು ಬಯಲಾಯಿತು. 1.67ರಲ್ಲಿ ಸರಿಪಡಿಸಲಾಯಿತು.

ಈಗ ಎರಡನೇ ತೊಡಕನ್ನು ನೆನಪಿಸಿಕೊಳ್ಳಿ. ಆಪ್‌ನವರು ಜಾಗರೂಕರಾಗಿ 1.67 ಅನ್ನು ಕಟ್ಟಿಕೊಟ್ಟಿದ್ದಾರೆ. ಸರ್ವರಿನಲ್ಲಿ 1.66 ಬಿದ್ದುಕೊಂಡಿದೆ. ಸರ್ವರ್ ಅಪ್ಪನನ್ನೇ ಮೊದಲು ಕೇಳುವ ಜಾತಿಯದು. ಓಡುವುದು ಯಾವುದು? 1.66. ಯಾವ ಎಚ್ಚರಿಕೆಯೂ ಬರುವುದಿಲ್ಲ, ಬಿಳಿ ಪರದೆಯೂ ಇಲ್ಲ. ದಾಖಲೆಯ ಪ್ರಕಾರ ಹೊಸ ಬೀಗ ಹಾಕಿದೆ, ಬಾಗಿಲಲ್ಲಿ ನೇತಾಡುತ್ತಿರುವುದು ಹಳೆಯದೇ.

ಹೆಸರಿನ ಬದಲಾವಣೆಯಿಂದಲೂ ಇಂಥದ್ದೇ ಗೊಂದಲ ಆಗುತ್ತದೆ. ಬೌನ್ಸಿ ಕ್ಯಾಸಲ್‌ನ ಜಾರ್ ಹೆಸರಿನಲ್ಲಿ ಅದು ಜಾವಾದ ಯಾವ ಆವೃತ್ತಿಯಿಂದ ಮುಂದಕ್ಕೆ ಓಡುತ್ತದೆ ಎಂಬ ಗುರುತು ಇರುತ್ತದೆ. ಮೊದಲು ಅದು 1.5ನ್ನು ಸೂಚಿಸುತ್ತಿತ್ತು, ಆಮೇಲೆ 1.8ನ್ನು ಸೂಚಿಸುವ ಹೆಸರು ಬಂತು. ಹೆಸರು ಬೇರೆಯಾದ್ದರಿಂದ ಆಪ್ ಕಟ್ಟುವ ಉಪಕರಣಗಳು ಇವನ್ನು ಎರಡು ಬೇರೆ ಲೈಬ್ರರಿಗಳೆಂದು ತಿಳಿದು ಎರಡನ್ನೂ ಗಂಟಿಗೆ ಸೇರಿಸಿಬಿಡಬಹುದು. ಒಳಗಿನ ಕ್ಲಾಸ್‌ಗಳ ಹೆಸರು ಮಾತ್ರ ಒಂದೇ.

ಲೋಡ್ ಆಗುವುದು ಯಾವುದು ಎಂಬುದು ಎಷ್ಟು ಮುಖ್ಯ ಎಂದು ತೋರಿಸಿದ ಇನ್ನೊಂದು ಘಟನೆ 2022ರ ಏಪ್ರಿಲ್‌ನದು. ಜಾವಾ 15ರಿಂದ 18ರವರೆಗಿನ ಆವೃತ್ತಿಗಳ ಒಳಗೇ ಇದ್ದ ಡಿಜಿಟಲ್ ಸಹಿ ಪರೀಕ್ಷಿಸುವ ಒಂದು ಭಾಗ, ಎಲ್ಲ ಸೊನ್ನೆಗಳಿಂದ ತುಂಬಿದ ಸಹಿಯನ್ನೂ ಅಸಲಿ ಎಂದು ಒಪ್ಪಿಬಿಡುತ್ತಿತ್ತು. ಖಾಲಿ ಕಾಗದ ತೋರಿಸಿದರೂ ‘ಸಹಿ ಸರಿಯಿದೆ’ ಎಂದ ಹಾಗೆ. ಒರೇಕಲ್ ಅದೇ ತಿಂಗಳು ತಿದ್ದುಪಡಿ ಬಿಟ್ಟಿತು. ದೋಷ ಇದ್ದದ್ದು ಜಾವಾದ ಆ ಒಂದು ಭಾಗದಲ್ಲಿ. ಒಂದೇ ಜಾವಾ ಆವೃತ್ತಿಯ ಮೇಲೆ ಓಡುತ್ತಿದ್ದರೂ ಒಂದು ಆಪ್ ಅಪಾಯದಲ್ಲಿದೆಯೇ ಎಂಬುದು ಅದು ಆ ಕೆಲಸಕ್ಕೆ ಯಾರನ್ನು ಕರೆಯುತ್ತಿತ್ತು ಎಂಬುದರ ಮೇಲೆ ನಿಂತಿತ್ತು.

2021ರ ಡಿಸೆಂಬರಿನಲ್ಲಿ ಜಗತ್ತನ್ನೇ ನಡುಗಿಸಿದ ಲಾಗ್4ಶೆಲ್ ಕೂಡ ಗದ್ದಲವಿಲ್ಲದ ಅಪಾಯವೇ. ಲಾಗ್4ಜೆ ಭದ್ರತಾ ಲೈಬ್ರರಿಯಲ್ಲ, ಸರ್ವರಿನಲ್ಲಿ ನಡೆದದ್ದನ್ನು ಬರೆದಿಡುವ ಲೈಬ್ರರಿ. ಅದರ ದೋಷಕ್ಕೆ ತೀವ್ರತೆಯ ಅಳತೆಯಲ್ಲಿ 10ಕ್ಕೆ 10 ಅಂಕ ಸಿಕ್ಕಿತು. ಅದನ್ನು ಹುಡುಕುವುದೇ ಕಷ್ಟವಾಗಿತ್ತು, ಯಾಕೆಂದರೆ ಅದು ಜಾರ್‌ನೊಳಗಿನ ಜಾರ್‌ನೊಳಗೆ ಅಡಗಿರುತ್ತಿತ್ತು. ತಮ್ಮ ಗಂಟಿನಲ್ಲಿ ಏನಿದೆ ಎಂಬ ಪಟ್ಟಿ ಇಲ್ಲದ ಎಷ್ಟೋ ಸಂಸ್ಥೆಗಳು ಸರ್ವರಿನಿಂದ ಸರ್ವರಿಗೆ ಹುಡುಕಾಡಬೇಕಾಯಿತು. ಆ ದಿನಗಳಲ್ಲೂ ದೋಷವಿದ್ದ ಸೈಟ್‌ಗಳು ಹೊರಗಿನಿಂದ ನೋಡುವವರಿಗೆ ಚೆನ್ನಾಗಿಯೇ ಕಾಣುತ್ತಿದ್ದವು.

ನೆಗಡಿಗೆ ಮೂಗು ಕೊಯ್ದುಕೊಳ್ಳುವವರು

ಇನ್ನೊಂದು ಅಪಾಯ ಮನುಷ್ಯರ ಆತುರದಿಂದ ಬರುತ್ತದೆ. ಸೈಟ್ ನಿಂತಿದೆ, ಮೇಲಧಿಕಾರಿಗಳು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ, ‘ಸರ್ಟಿಫಿಕೇಟ್ ನಂಬಲಾಗುತ್ತಿಲ್ಲ’ ಎಂದು ಜಾವಾ ಹಟ ಹಿಡಿದಿದೆ. ಆಗ ಕೆಲವರು ಹಿಡಿಯುವ ಅಡ್ಡದಾರಿ, ಪರೀಕ್ಷೆಯನ್ನೇ ಆಫ್ ಮಾಡುವುದು. ಯಾವ ಸರ್ಟಿಫಿಕೇಟ್ ಬಂದರೂ ‘ಸರಿ’ ಎನ್ನು ಎಂದು ನಾಲ್ಕು ಸಾಲು ಕೋಡ್ ಬರೆದರೆ ಆಯಿತು. ಎರರ್ ಮಾಯ, ಸೈಟ್ ಚಾಲೂ, ಎಲ್ಲರಿಗೂ ನೆಮ್ಮದಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಇನ್ನು ಮುಂದೆ ನಡುವೆ ಕೂತ ಕಳ್ಳನೂ ಬ್ಯಾಂಕಿನ ವೇಷದಲ್ಲಿ ಬರಬಹುದು.

ಇದು ಬರೀ ಊಹೆಯಲ್ಲ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಬ್ರೌಸರ್ ಅಲ್ಲದ ಹಲವು ತಂತ್ರಾಂಶಗಳನ್ನು ಪರೀಕ್ಷಿಸಿದರು. ಹಣ ಪಾವತಿಗೆ ಬಳಸುವ ಕೆಲವು ಲೈಬ್ರರಿಗಳೂ ಸೇರಿ ಹಲವೆಡೆ ಸರ್ಟಿಫಿಕೇಟ್ ಪರೀಕ್ಷೆ ಮುರಿದುಬಿದ್ದಿತ್ತು. ‘ಪ್ರಪಂಚದ ಅತ್ಯಂತ ಅಪಾಯಕಾರಿ ಕೋಡ್’ ಎಂಬ ಅರ್ಥದ ತಲೆಬರಹವನ್ನೇ ಅವರು ತಮ್ಮ ಪ್ರಬಂಧಕ್ಕೆ ಕೊಟ್ಟರು. ಎಲ್ಲ ಸರ್ಟಿಫಿಕೇಟನ್ನೂ ಕಣ್ಣು ಮುಚ್ಚಿ ಒಪ್ಪುವ ಆಪ್‌ಗಳನ್ನು ಗೂಗಲ್ 2016ರಿಂದ ತನ್ನ ಪ್ಲೇ ಸ್ಟೋರಿನಲ್ಲಿ ತಡೆಯತೊಡಗಿತು.

ಹಾಗಾಗಿ ‘ಎರರ್ ಬಂತು’ ಎನ್ನುವುದಕ್ಕಿಂತ ‘ಎರರ್ ಬರದ ಹಾಗೆ ಹೇಗೆ ಮಾಡಿದರು’ ಎಂಬುದು ದೊಡ್ಡ ಪ್ರಶ್ನೆ. ನೀವು ಒಂದು ಸಂಸ್ಥೆಯ ತಂತ್ರಾಂಶದ ಹೊಣೆ ಹೊತ್ತವರಾಗಿದ್ದರೆ, ಅಥವಾ ನಿಮ್ಮ ಸಹಕಾರ ಸಂಘಕ್ಕೆ ಯಾರಿಂದಲೋ ಆಪ್ ಮಾಡಿಸುತ್ತಿದ್ದರೆ, ಮೂರು ಪ್ರಶ್ನೆ ಕೇಳಿ. ಯಾವ ಯಾವ ಲೈಬ್ರರಿ ಬಳಸಿದ್ದೀರಿ, ಪಟ್ಟಿ ಇದೆಯೇ? ನಿಜವಾಗಿ ಓಡುತ್ತಿರುವ ಆವೃತ್ತಿ ಯಾವುದೆಂದು ಸರ್ವರಿನಲ್ಲೇ ನೋಡಿದ್ದೀರಾ? ಯಾವುದಾದರೂ ಪರೀಕ್ಷೆಯನ್ನು ಆಫ್ ಮಾಡಿದ್ದೀರಾ? ಇದನ್ನು ಕೇಳಲು ಎಂಜಿನಿಯರಿಂಗ್ ಓದಿರಬೇಕಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಎಲ್ಲ ಎರರ್‌ಗಳೂ ನಿರಪಾಯ ಎಂದು ನಾವು ಹೇಳುತ್ತಿಲ್ಲ. ಹ್ಯಾಕ್ ಆದ ಸರ್ವರ್ ಕೂಡ ನಿಲ್ಲಬಹುದು. ಒಂದು ಸ್ಕ್ರೀನ್‌ಶಾಟ್ ನೋಡಿ ಎರಡರಲ್ಲಿ ಯಾವುದು ಎಂದು ಹೇಳಲು ನಿಮಗೂ ಆಗದು, ನಮಗೂ ಆಗದು, ಆ ಮೆಸೇಜ್ ಬರೆದವರಿಗೂ ಆಗದು. ಮಾಹಿತಿ ಸೋರಿದೆ ಎನ್ನಲು ಸಂಸ್ಥೆಯ ಹೇಳಿಕೆಯೋ, ಸೈಬರ್ ಭದ್ರತೆಯ ಕೇಂದ್ರ ಸರ್ಕಾರಿ ಸಂಸ್ಥೆಯಾದ ಸರ್ಟ್-ಇನ್‌ನ ಪ್ರಕಟಣೆಯೋ ಬೇಕು.

ಗಾಬರಿಯ ಮೆಸೇಜಿನಿಂದ ಆಗುವ ನಷ್ಟ ಮಾತ್ರ ನಿಜವಾದದ್ದು. ಸೈಟ್ ನಿಂತ ದಿನಗಳೇ ವಂಚಕರಿಗೆ ಸುಗ್ಗಿ. “ಸರ್ವರ್ ಹ್ಯಾಕ್ ಆಗಿದೆ, ನಿಮ್ಮ ಖಾತೆ ಉಳಿಸಿಕೊಳ್ಳಲು ಈ ಲಿಂಕ್ ಒತ್ತಿ” ಎಂಬ ಸಾಲನ್ನು ಅದೇ ಫಾರ್ವರ್ಡಿನ ಬಾಲಕ್ಕೆ ಕಟ್ಟುವುದು ಅವರಿಗೆ ಸುಲಭ. ಹೆದರಿದವರು ಲಿಂಕ್ ಒತ್ತುತ್ತಾರೆ, ಓಟಿಪಿ ಕೊಡುತ್ತಾರೆ. ಸರ್ವರಿನಿಂದ ಏನೂ ಸೋರದಿದ್ದರೂ ಖಾತೆ ಖಾಲಿಯಾಗುತ್ತದೆ.

ಆದ್ದರಿಂದ ಸೈಟ್ ತೆರೆಯದಿದ್ದರೆ ಸ್ವಲ್ಪ ಹೊತ್ತು ಬಿಟ್ಟು, ವಿಳಾಸವನ್ನು ನೀವೇ ಟೈಪ್ ಮಾಡಿ ನೋಡಿ. ಆಪ್ ಆದರೆ ಪ್ಲೇ ಸ್ಟೋರಿನಿಂದಲೇ ಅಪ್‌ಡೇಟ್ ಮಾಡಿ, ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲನ್ನು ಹಾಕಿಕೊಳ್ಳಬೇಡಿ. ಬ್ರೌಸರೇ ‘ಈ ಸೈಟ್ ಸುರಕ್ಷಿತವಲ್ಲ’ ಎಂದು ತಡೆದರೆ, ಅದನ್ನು ದಾಟಿ ಹೋಗುವ ಬಟನ್ ಒತ್ತಬೇಡಿ. ಅದೂ ಸೀಲ್ ನೋಡುವ ಕಾವಲುಗಾರನೇ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಇಷ್ಟಾದ ಮೇಲೂ ಗ್ರೂಪಿಗೆ ಏನಾದರೂ ಕಳಿಸಬೇಕು ಅನ್ನಿಸಿದರೆ ಹೀಗೆ ಬರೆಯಿರಿ: “ಸೈಟ್ ಈಗ ತೆರೆಯುತ್ತಿಲ್ಲ. ಕಾರಣ ಗೊತ್ತಿಲ್ಲ. ಯಾವ ಲಿಂಕನ್ನೂ ಒತ್ತಬೇಡಿ, ನಾಳೆ ನೋಡೋಣ.”